ಮೂರನೆಯ ಮೈಲಿಯಲ್ಲಿ ತಪ್ಪಿದ ಅರ್ಧ ಅಡಿ

ಹೊಳೆನರಸೀಪುರದ ಸೇತುವೆಯ ಬಳಿಯ ಮಟ್ಟದ ಕಲ್ಲಿನಿಂದ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಕೆರೆಯ ಕೋಡಿಯವರೆಗೆ, ಕಾಲುವೆಯೊಂದರ ಸಲುವಾಗಿ ನಾವು ತೆಗೆದ ಮಟ್ಟದಲ್ಲಿ ಸುಮಾರು ಅರ್ಧ ಅಡಿ ತಪ್ಪು ಬಂದ ವಿಚಾರವನ್ನೂ, ಆ ತಪ್ಪು ಪತ್ತೆಯಾದ ರೀತಿಯನ್ನೂ ಈ ಕೆಳಗೆ ಕ್ರಮವಾಗಿ ಬರೆದಿರುತ್ತೇನೆ. ಕಚೇರಿಯ ಟಿಪ್ಪಣಿಗಳ ಹೊರತು ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ಸದರಿ ವಿಚಾರವು ಇಲಾಖೆಯ ಕಡತದಲ್ಲಿ ನಾಲ್ಕು ಸಾಲುಗಳಲ್ಲಿ ಮುಗಿದಿದೆ. ಆ ನಾಲ್ಕು ಸಾಲುಗಳೂ ಸತ್ಯವೇ. ಆದರೆ ಅವು ಸಾಲವು ಎಂದು ಇಷ್ಟು ವರ್ಷಗಳ ತರುವಾಯವೂ ಅನ್ನಿಸುತ್ತಿರುವ ಕಾರಣದಿಂದ ಈ ಬರಹ.

ಐವತ್ತರ ದಶಕದ ಕೊನೆಯ ಭಾಗ. ನಾನು ಹಂಗಾಮಿ ಓವರ್ಸಿಯರ್. ನಮ್ಮದು ನಾಲ್ಕು ಜನರ ತಂಡ. ದುರ್ಬೀನು ನೋಡಿ ಅಂಕಿ ಕೂಗುವವನು ನಾನು. ಪುಸ್ತಕದಲ್ಲಿ ಬರೆದುಕೊಳ್ಳುವವರು ಗುಮಾಸ್ತರು. ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದ ಕಡೆಯವರಾದ್ದರಿಂದಲೋ ಏನೋ, ನಾನು ಕೂಗಿದ ಅಂಕಿಯನ್ನು ಶ್ರುತಿಗೆ ಸೇರಿಸಿದಂತೆ ಮರುನುಡಿದು ಬರೆಯುತ್ತಿದ್ದರು. ಅಳತೆಕೋಲು ಹಿಡಿಯುವವರು ಇಬ್ಬರು ಕಲಾಸಿಗಳು. ಕಿರಿಯವನು ದಪ್ಪ ಮೀಸೆಯ, ಬಾಯಿ ಜೋರಿನ ಆಳು. ಹಿರಿಯವರು ಅರಕಲಗೂಡು ಕಡೆಯವರು, ಅಕ್ಷರ ಬಾರದವರು. ಆದರೆ ಕೋಲು ಹಿಡಿದರೆ ಅದು ನೆಟ್ಟ ಕಂಬದಂತೆ ನಿಲ್ಲುತ್ತಿತ್ತು. ಈಗ ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಆಗ ನಾನೂ ಎಲ್ಲರಂತೆ ಏಕವಚನದಲ್ಲಿಯೇ ಕರೆಯುತ್ತಿದ್ದೆ.

ಹಿರಿಯ ಕಲಾಸಿಯವರು ಹದಿನಾಲ್ಕು ವರ್ಷ ದಿನಗೂಲಿ ಪಟ್ಟಿಯಲ್ಲಿಯೇ ಇದ್ದವರು. ಅವರನ್ನು ಕಾಯಂ ಮಾಡುವ ಶಿಫಾರಸು ಆಗಷ್ಟೇ ಹಾಸನದ ಕಚೇರಿಗೆ ಹೋಗಿತ್ತು. ಅದರೊಂದಿಗೆ ‘ಇವರಿಂದ ಕೆಲಸದಲ್ಲಿ ಈವರೆಗೆ ಯಾವ ಲೋಪವೂ ಸಂಭವಿಸಿರುವುದಿಲ್ಲ’ ಎಂಬ ನನ್ನ ರುಜುವಿನ ಪ್ರಮಾಣಪತ್ರವೂ ಹೋಗಿತ್ತು. ಮುಂದಿನ ವರ್ಷಕ್ಕೆ ಅವರ ವಯಸ್ಸು ಮಿತಿ ಮೀರುತ್ತಿತ್ತು. ಆದ್ದರಿಂದ ಆ ಸಲ ಆದರೆ ಆಯಿತು, ಇಲ್ಲವಾದರೆ ಎಂದೆಂದಿಗೂ ಇಲ್ಲ. ಇದು ತಂಡದ ನಾಲ್ವರಿಗೂ ತಿಳಿದಿತ್ತು.

ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದುರ್ಬೀನನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಮುಂದೆ ಒಂದು ಗಟ್ಟಿ ಕಲ್ಲಿನ ಮೇಲೆ ನಿಲ್ಲಿಸಿದ ಕೋಲನ್ನು ಓದುತ್ತೇವೆ. ಬಳಿಕ ದುರ್ಬೀನನ್ನು ಹೊತ್ತು ಆ ಕೋಲನ್ನು ದಾಟಿ ಮುಂದೆ ಹೋಗಿ, ಅದೇ ಕೋಲನ್ನು ಹಿಂತಿರುಗಿ ಓದುತ್ತೇವೆ. ಈ ಎರಡು ಓದುಗಳ ನಡುವೆ ಕೋಲು ಆ ಕಲ್ಲಿನಿಂದ ಕದಲಬಾರದು. ಕದಲಿದರೆ ಅಲ್ಲಿಂದ ಮುಂದಿನ ಪ್ರತಿಯೊಂದು ಮಟ್ಟವೂ ಅಷ್ಟೇ ತಪ್ಪುತ್ತದೆ. ಕದಲಿದ ಸಂಗತಿ ದುರ್ಬೀನಿಗೆ ಕಾಣುವುದಿಲ್ಲ, ಪುಸ್ತಕಕ್ಕೂ ತಿಳಿಯುವುದಿಲ್ಲ. ಕೋಲು ಹಿಡಿದವನೊಬ್ಬನಿಗೆ ಮಾತ್ರ ಗೊತ್ತು.

ನನಗಿಂತ ಮುಂಚೆ ಇದ್ದ ಓವರ್ಸಿಯರು ಮಟ್ಟ ಕೂಡಲಿಲ್ಲವೆಂದು ಇಬ್ಬರು ಕಲಾಸಿಗಳನ್ನು ಒಂದೇ ಮಧ್ಯಾಹ್ನ ಮನೆಗೆ ಕಳುಹಿಸಿದ್ದರು. ಅವರ ಶಿಸ್ತನ್ನು ಎಲ್ಲರೂ ಹೊಗಳುತ್ತಿದ್ದುದರಿಂದ ನಾನೂ ಮೊದಲ ದಿನವೇ ಒಂದು ಅಪ್ಪಣೆ ಮಾಡಿದೆ: ಕೆಲಸದ ವೇಳೆಯಲ್ಲಿ ಕಲಾಸಿಗಳು ಮಾತನಾಡತಕ್ಕದ್ದಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳತಕ್ಕದ್ದು. ನನಗೆ ಅನುಭವ ಕಡಿಮೆ. ಅದು ಅವರಿಗೆ ಗೊತ್ತಾಗಬಾರದೆಂಬ ಭಯವೇ ಆ ಅಪ್ಪಣೆಗೆ ಮೂಲ. ಮಾತು ನಿಂತದ್ದು ನನ್ನ ಎದುರಿಗೆ ಮಾತ್ರ. ನಾನು ಮುಕ್ಕಾಲಿ ಹೊತ್ತು ಸ್ವಲ್ಪ ದೂರ ಹೋದರೆ ಕಿರಿಯ ಕಲಾಸಿಯ ದನಿ ಏಳುತ್ತಿತ್ತು.

“ಆ ದುರ್ಬೀನ್ನಾಗೆ ನಾವು ತಲೆಕೆಳಗಾಗಿ ಕಾಣ್ತೀವಂತೆ ಕಣಣ್ಣೋ! ಪಂಚೆ ಬಿಗಿಯಾಗಿ ಕಟ್ಕೋ, ಸಾಹೇಬ್ರು ಎದುರ್ಕೊಂಡಾರು!”

ಅದು ನಿಜ. ಆ ಯಂತ್ರದಲ್ಲಿ ಮನುಷ್ಯ ತಲೆಕೆಳಗಾಗಿಯೇ ಕಾಣುತ್ತಿದ್ದ. ಆ ತಿಂಗಳು ನನ್ನ ಜೊತೆ ದುಡಿದವರನ್ನು ನಾನು ಹಾಗೆ ನೋಡಿದ್ದೇ ಹೆಚ್ಚು. ಮಧ್ಯಾಹ್ನದ ಊಟಕ್ಕೂ ನಾವು ಮೂರು ಮರಗಳ ಕೆಳಗೆ ಕೂರುತ್ತಿದ್ದೆವು: ಗುಮಾಸ್ತರು ಒಂದರ ಕೆಳಗೆ, ನಾನು ಇನ್ನೊಂದರ ಕೆಳಗೆ, ಕಲಾಸಿಗಳು ದೂರದ ಮೂರನೆಯದರ ಕೆಳಗೆ. ಹಾಗೆ ಕೂರಬೇಕೆಂದು ಯಾರೂ ಆದೇಶ ಮಾಡಿರಲಿಲ್ಲ.

ಆರು ಮೈಲಿ ಮುಂದಕ್ಕೆ ಹೋಗಿ ಕೋಡಿ ತಲುಪಿದೆವು. ಆರು ಮೈಲಿ ಹಿಂದಕ್ಕೆ ಓದುತ್ತ ಬಂದು ಸೇತುವೆಯ ಕಲ್ಲನ್ನು ಮುಟ್ಟಿದೆವು. ಹೊರಟ ಮಟ್ಟವೂ ಮರಳಿ ಬಂದ ಮಟ್ಟವೂ ಕೂಡಬೇಕಿತ್ತು, ಅಂದರೆ ಒಂದೇ ಆಗಿರಬೇಕಿತ್ತು. ಗುಮಾಸ್ತರು ಸೇತುವೆಯ ಗೋಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂಡಿ ಕಳೆದರು, ಮತ್ತೊಮ್ಮೆ ಕೂಡಿ ಕಳೆದರು.

“ಸ್ವಾಮೀ, ನಾವು ಹೋಗಿ ಬರೋದ್ರೊಳಗೆ ಈ ಕಲ್ಲು ನಲವತ್ತೇಳು ನೂರಾಂಶ ಮೇಲೆದ್ದಿದೆ,” ಎಂದರು.

ಅಂದರೆ ಅರ್ಧ ಅಡಿಗೆ ಸ್ವಲ್ಪ ಕಡಿಮೆ. ಮೈಲಿಗೆ ಒಂದೇ ಅಡಿ ಇಳಿಜಾರು ಇರುವ ಕಾಲುವೆಗೆ ಇದು ಅಲ್ಪವಲ್ಲ. ನಮ್ಮ ಲೆಕ್ಕದಂತೆ ಕೊನೆಯ ಕೆರೆಯ ನೆಲ ಇರುವುದಕ್ಕಿಂತ ಎತ್ತರವಾಗಿ ಕಂಡರೆ, ಅಲ್ಲಿಗೆ ನೀರು ಹತ್ತುವುದಿಲ್ಲವೆಂದು ಆ ಕೆರೆಯನ್ನೇ ಯೋಜನೆಯಿಂದ ಬಿಡುತ್ತಿದ್ದರು.

ತಪ್ಪು ಯಾವ ಮೈಲಿಯದೆಂದು ತಿಳಿಯಲು ಪ್ರತಿ ಮೈಲಿಗೂ ಕಲ್ಲಿನ ಮೇಲೆ ಗುರುತು ಕೆತ್ತಿಸಬೇಕಿತ್ತು. ನಾನು ಸಮಯ ಉಳಿಸಲೆಂದು ಮರದ ಗೂಟ ಹೊಡೆಸಿದ್ದೆ. ದನ ಕಾಯುವವರು ಅವನ್ನು ಸೌದೆಗೆ ಕಿತ್ತೊಯ್ದಿದ್ದರು. ಇನ್ನು ಉಳಿದದ್ದು ಆರು ಮೈಲಿಯನ್ನೂ ಮೊದಲಿನಿಂದ ಓದುವುದು. ಅದಕ್ಕೆ ನಾಲ್ಕು ದಿನ ಬೇಕು. ನಕ್ಷೆಯನ್ನು ಹಾಸನಕ್ಕೆ ಒಪ್ಪಿಸಲು ನಮಗಿದ್ದ ಅವಧಿ ಎರಡು ದಿನ.

“ಯಾರಿಗಾದರೂ ಏನಾದರೂ ಗೊತ್ತೇ?” ಎಂದು ಕಲಾಸಿಗಳನ್ನು ಕೇಳಿದೆ. ಕೇಳಿದ ದನಿಯಲ್ಲಿ ಪ್ರಶ್ನೆಗಿಂತ ಬೆದರಿಕೆ ಹೆಚ್ಚಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

“ಇಲ್ಲ ಸಾ,” ಎಂದರು ಇಬ್ಬರೂ.

ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು. “ನೋಡಿ, ಹಿಂದಿನವರ ಕಾಲದಲ್ಲೂ ಹೀಗೇ ಆಗ್ತಿತ್ತು. ಆರು ಮೈಲಿಗೂ ಸ್ವಲ್ಪ ಸ್ವಲ್ಪ ಹಂಚಿಬಿಡೋಣ. ಒಂದೊಂದು ಓದಿಗೆ ಕೂದಲೆಳೆಯಷ್ಟು. ಬ್ರಹ್ಮ ಬಂದರೂ ಕಂಡುಹಿಡಿಯಲಾರ.”

ನಾನು ಬೇಡವೆಂದೆ. ಪ್ರಾಮಾಣಿಕತೆಯಿಂದ ಬೇಡವೆಂದೆನೆಂದು ಬರೆದರೆ ಅದು ಸುಳ್ಳಾಗುತ್ತದೆ. ಆ ಪುಸ್ತಕದಲ್ಲಿ ಅದಾಗಲೇ ನನ್ನದೊಂದು ಗುಟ್ಟು ಇತ್ತು. ಅದರ ಮೇಲೆ ಇನ್ನೊಂದನ್ನು ಹೊರಲು ಧೈರ್ಯ ಸಾಲಲಿಲ್ಲ. ಎರಡನೆಯ ದಿನ ನಾನು ಒಂದು ಕಡೆ ಪೂರ್ತಿ ಒಂದು ಅಡಿ ತಪ್ಪಾಗಿ ಕೂಗಿದ್ದೆ. ಮುಂದಿನ ಜಾಗಕ್ಕೆ ಹೋದ ಮೇಲೆ ಅನುಮಾನ ಬಂದು, ಹಿಂದಿರುಗಿ ಓದುವ ಬದಲು ಪುಸ್ತಕ ಇಸಿದುಕೊಂಡು ರಬ್ಬರಿನಿಂದ ಉಜ್ಜಿ, ನೆನಪಿನ ಮೇಲೆ ತಿದ್ದಿದ್ದೆ. ಈ ನಲವತ್ತೇಳು ನೂರಾಂಶಕ್ಕೆ ಅದು ಕಾರಣವಲ್ಲ. ಅಡಿಯ ತಪ್ಪು ಅಡಿಯಾಗಿಯೇ ಕಾಣುತ್ತದೆ. ಆದರೆ ಕಲಾಸಿಗಳಿಂದ ನಿಜ ಕೇಳುವ ಹಕ್ಕು ನನಗೆ ಎಷ್ಟಿದೆ ಎಂಬ ಪ್ರಶ್ನೆ ಆ ಸಂಜೆಯೆಲ್ಲ ನನ್ನನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಸೇತುವೆಯ ಬಳಿ ಸೇರಿದಾಗ ನಾನು ದುರ್ಬೀನಿನ ಪೆಟ್ಟಿಗೆ ತೆಗೆಸಲಿಲ್ಲ. ಪುಸ್ತಕ ಬಿಡಿಸಿ, ಉಜ್ಜಿದ ಜಾಗವನ್ನು ಮೂವರಿಗೂ ತೋರಿಸಿದೆ.

“ಇದು ನಾನು ಮಾಡಿದ ತಪ್ಪು. ತಪ್ಪು ಓದಿದ್ದೂ ನಾನೇ, ಉಜ್ಜಿದ್ದೂ ನಾನೇ. ಹಿಂದಕ್ಕೆ ಹೋಗಿ ನೋಡಬೇಕಿತ್ತು, ನಿಮ್ಮೆದುರು ಸಣ್ಣವನಾಗ್ತೀನಿ ಅಂತ ಹೋಗಲಿಲ್ಲ,” ಎಂದೆ.

ಬಳಿಕ ಆ ಸಾಲಿನ ಪಕ್ಕದಲ್ಲಿ ಶಾಯಿಯಿಂದ ನಡೆದದ್ದನ್ನು ಬರೆದು ರುಜು ಹಾಕಿದೆ. ಕೆಲಸದ ವೇಳೆ ಮಾತನಾಡಬಾರದೆಂಬ ಅಪ್ಪಣೆಯನ್ನು ವಾಪಸು ಪಡೆದಿರುತ್ತೇನೆಂದೂ ತಿಳಿಸಿದೆ. ಗುಮಾಸ್ತರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಕಿರಿಯ ಕಲಾಸಿ ಮೀಸೆ ಸವರಿಕೊಂಡ. ಹಿರಿಯವರು ತಲೆ ಬಗ್ಗಿಸಿ ನಿಂತಿದ್ದರು. ಅಂದು ಎರಡು ಮೈಲಿ ಮರು ಓದಿದೆವು. ಹಿಂದೆ ಕೋಲು ನಿಲ್ಲಿಸಿದ್ದ ಕಲ್ಲುಗಳಲ್ಲಿ ಗುರುತು ಹತ್ತಿದವೆಲ್ಲ ಮೊದಲಿನ ಅಂಕಿಗೆ ಸರಿಯಾಗಿ ಕೂಡಿದವು. ಸಂಜೆಯವರೆಗೂ ಅಂಕಿಗಳ ಹೊರತು ಬೇರೆ ಮಾತಿಲ್ಲ. ನನ್ನ ಮಾತು ನೀರಿಗೆ ಬಿದ್ದ ಕಲ್ಲಾಯಿತೆಂದುಕೊಂಡೆ.

ಮಾರನೆಯ ದಿನ ಮೂರನೆಯ ಮೈಲಿಯಲ್ಲಿ, ಕತ್ತಾಳೆಯ ಬೇಲಿಯೊಂದರ ಹತ್ತಿರ ಹಿರಿಯ ಕಲಾಸಿಯವರು ಕೋಲನ್ನು ಹೆಗಲಿನಿಂದ ಇಳಿಸಿ ನಿಂತುಬಿಟ್ಟರು.

“ಸಾ, ಇಲ್ಲೇ.”

“ಏನು ಇಲ್ಲಿ?”

“ನನ್ ಕೋಲು ಇಲ್ಲೇ ಎದ್ದಿದ್ದು.”

ಬೇಲಿಯ ಈಚೆ ಹುಲ್ಲಿನ ನಡುವೆ ಒಂದು ಚಪ್ಪಟೆ ಕಲ್ಲಿನ ತಲೆ ಕಾಣುತ್ತಿತ್ತು. ಮುಂದಕ್ಕೆ ಓದಿದ ದಿನ ಅವರು ಗಟ್ಟಿ ಕಲ್ಲೆಂದು ಅದರ ಮೇಲೆ ಕೋಲು ನಿಲ್ಲಿಸಿದ್ದರು. ನಾನು ಓದಿ, ದುರ್ಬೀನು ಹೊತ್ತು ಬೇಲಿ ದಾಟಿ ಮುಂದೆ ನಡೆದಿದ್ದೆ. ಆಗ ಹೊಲದ ಒಡತಿ ಬಂದಳಂತೆ.

“‘ಯಾವ ಕೇರಿಯೋನ್ಲಾ ನೀನು? ನಮ್ಮ ಮಾಸ್ತವ್ವನ ನೆತ್ತಿ ಮ್ಯಾಲೆ ಕೋಲು ಇಕ್ಕೀಯಾ?’ ಅಂದ್ಬುಟ್ರು ಸಾ. ಹುಲ್ಲು ಸರ್ಸಿ ನೋಡ್ತೀನಿ, ಬಳೆ ತೊಟ್ಟ ಕೈ ಕೆತ್ತವ್ರೆ, ಮಾಸ್ತಿಕಲ್ಲು. ಅದು ನಮ್ಮೋರು ಮುಟ್ಟೋ ಕಲ್ಲಲ್ಲ. ಕೋಲೆತ್ಬುಟ್ಟೆ. ಪಕ್ಕದಾಗಿದ್ದ ಈ ಗುಂಡುಕಲ್ಲಿನ ಮ್ಯಾಲೆ ಇಕ್ದೆ.”

“ನನಗೆ ಯಾಕೆ ಹೇಳಲಿಲ್ಲ?”

ಅವರು ಹೊಲದ ಕಡೆಗೊಮ್ಮೆ ನೋಡಿದರು. “ಏಳ್ಬೇಕಾದ್ರೆ ಅವ್ವಾರು ಅಂದಿದ್ನೂ ಏಳ್ಬೇಕಲ್ಲ ಸಾ. ಅದೂ ಅಲ್ದೆ, ನೀವು ಮಾತಾಡ್ಬ್ಯಾಡ ಅಂದಿದ್ರಿ.”

ಅಂದು ಬೇಲಿಯಾಚೆಯ ಕೂಗು ನನಗೂ ಕೇಳಿಸಿತ್ತು. ಹೊಲದ ಜಗಳವೆಂದು ತಿರುಗಿ ನೋಡಿರಲಿಲ್ಲ. ಬೇಲಿಯ ಮೇಲೆ ಕೋಲಿನ ಮೇಲ್ಭಾಗ ನೆಟ್ಟಗೆ ಕಂಡಿತ್ತು. ಅದು ಯಾವುದರ ಮೇಲೆ ನಿಂತಿದೆಯೆಂದು ನಾನು ವಿಚಾರಿಸಿರಲಿಲ್ಲ.

ಈಗ ಎರಡು ಕಲ್ಲುಗಳ ಎತ್ತರದ ವ್ಯತ್ಯಾಸ ಅಳೆಯಬೇಕಿತ್ತು. ಅಷ್ಟರಲ್ಲಿ ಅದೇ ಒಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ವಿಚಾರ ತಿಳಿಸಿದೆ.

“ಅಳ್ಕಳಿ ಸ್ವಾಮಿ, ಸರ್ಕಾರದ ಕೆಲ್ಸ. ನಿಮ್ ಕೈಯಾಗೆ ಇಕ್ಕಿ. ಅವ್ನು ಬ್ಯಾಡ,” ಎಂದಳು.

ಕೋಲನ್ನು ನಾನೇ ಹಿಡಿದಿದ್ದರೆ ಅರ್ಧ ನಿಮಿಷದ ಕೆಲಸ. ಹಿರಿಯ ಕಲಾಸಿಯವರು ಕೋಲನ್ನು ನನ್ನ ಕಡೆಗೆ ಚಾಚಿಯೂ ಇದ್ದರು. ನಾನು ತೆಗೆದುಕೊಳ್ಳಲಿಲ್ಲ.

“ಕೋಲು ಹಿಡಿಯುವ ಕೆಲಸ ಇವರದಮ್ಮ. ನಿಮ್ಮ ಕಲ್ಲನ್ನು ನಾವ್ಯಾರೂ ಮುಟ್ಟುವುದಿಲ್ಲ,” ಎಂದೆ.

ಕಲ್ಲಿನ ಪಕ್ಕದಲ್ಲಿ, ಕೋಲಿನ ಬುಡ ಕಲ್ಲಿನ ನೆತ್ತಿಯ ನೇರಕ್ಕೆ ಬರುವಂತೆ, ಗಾಳಿಯಲ್ಲಿಯೇ ಹಿಡಿಯಬೇಕೆಂದು ನಿಶ್ಚಯಿಸಿದೆವು. ಹದಿನಾಲ್ಕು ಅಡಿಯ ಕೋಲನ್ನು ನೆಲಕ್ಕೆ ಊರದೆ ನಿಲ್ಲಿಸುವುದು ಎಷ್ಟು ಕಷ್ಟವೆಂಬುದು ಹಿಡಿದವರಿಗೇ ಗೊತ್ತು. ಕಿರಿಯ ಕಲಾಸಿ ಹುಲ್ಲಿನ ಮೇಲೆ ಬೋರಲು ಮಲಗಿ ಒಂದು ಕಣ್ಣು ಮುಚ್ಚಿದ.

“ಒಂದು ನೂಲು ಮ್ಯಾಕೆ ಅಣ್ಣಾ... ಸಾಕು... ಅಯ್ಯೋ, ಬಸವಿ ಕುಣ್ದಂಗೆ ಕುಣೀಬ್ಯಾಡ ನಿಂತ್ಕೋ... ಈಗ! ಈಗ ನೋಡಿ ಸಾ!”

ಮೂರು ಸಲ ಹಿಡಿದರು, ಮೂರು ಸಲ ಓದಿದೆ. ಅವರ ಮುಂಗೈಯ ನರಗಳು ದುರ್ಬೀನಿನಲ್ಲಿ ಕಾಣುತ್ತಿದ್ದವು. ಗುಂಡುಕಲ್ಲಿನ ಓದನ್ನು ಕಳೆದಾಗ ಬಂದ ಸರಾಸರಿ ನಲವತ್ತಾರು ನೂರಾಂಶ. ಗುಮಾಸ್ತರು ಈ ಅಂಕಿಯನ್ನು ಮರುನುಡಿಯಲಿಲ್ಲ. ಬರೆದುಕೊಂಡು ಪುಸ್ತಕ ಮುಚ್ಚಿದರು. ಉಳಿದ ಮೈಲಿಗಳನ್ನು ಮತ್ತೆ ಓದುವ ಅಗತ್ಯ ಬೀಳಲಿಲ್ಲ.

ಕೋಲುಗಳನ್ನು ಮಡಿಸುವಾಗ ಹಿರಿಯ ಕಲಾಸಿಯವರು ಹತ್ತಿರ ಬಂದರು.

“ಸಾ, ನನ್ನೆಸ್ರು ಬರೀಬ್ಯಾಡಿ. ಕಾಯಂ ಕಾಗ್ದ ಓಗೈತೆ.”

ಆ ಕ್ಷಣದಲ್ಲಿ ಅವರಿಗೆ ಏನು ಹೇಳಬೇಕಿತ್ತೆಂದು ನಾನು ಇಂದಿಗೂ ಯೋಚಿಸುತ್ತೇನೆ. ಕಾರಣ ಬರೆಯದೆ ಮಟ್ಟ ತಿದ್ದಿದರೆ, ಅದು ಗುಮಾಸ್ತರ ಹಂಚಿಕೆಗಿಂತ ಬೇರೆಯಾಗುತ್ತಿರಲಿಲ್ಲ. ನನ್ನ ಪ್ರಮಾಣಪತ್ರ ಈಗ ಸುಳ್ಳಾಗಿತ್ತು. ಬರೆದರೆ ನಂಬಿ ಹೇಳಿದವರ ಅನ್ನಕ್ಕೆ ಕಲ್ಲು.

“ಬರೆಯಲೇಬೇಕು,” ಎಂದೆ. “ಮೊದಲನೆಯದು ನನ್ನ ತಪ್ಪು, ಆಮೇಲೆ ನಿನ್ನದು. ನೀನಾಗಿ ಬಂದು ಹೇಳಿದೆ ಅನ್ನೋದನ್ನೂ ಬರೀತೀನಿ. ಬರೆದದ್ದನ್ನು ನಿನಗೆ ಓದಿ ಹೇಳದೆ ಟಪಾಲಿಗೆ ಹಾಕೋದಿಲ್ಲ.”

ಅವರು ಮುಖ ತಿರುಗಿಸಿದರು. ಮರುದಿನ ಕಾಗದವನ್ನು ಓದಿ ಹೇಳಿದಾಗ ನೆಲ ನೋಡುತ್ತ ಕೇಳಿದರು. “ಓದಾಯ್ತಾ ಸಾ?” ಎಂದಷ್ಟೇ ಕೇಳಿ ಎದ್ದುಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ.

ಕಾಗದ ತಲುಪಿದ ಮೇಲೆ ಇಂಜಿನಿಯರ್ ಸಾಹೇಬರು ನನ್ನನ್ನು ಹಾಸನಕ್ಕೆ ಕರೆಸಿದರು. ಬೆಳಗಿನ ರೈಲಿನಲ್ಲಿ ಹೋಗಿ, ಮಧ್ಯಾಹ್ನದವರೆಗೆ ಅವರ ಕೋಣೆಯ ಹೊರಗೆ ನಿಂತಿದ್ದೆ.

“ಏನಯ್ಯಾ ಇದು? ಮಟ್ಟದ ವರದಿ ಕೇಳಿದರೆ ಪುರಾಣ ಬರೆದು ಕಳಿಸಿದ್ದೀಯ,” ಎಂದರು.

“ಅವರ ಬಾಯಿ ಮುಚ್ಚಿಸಿದ್ದು ನನ್ನ ಅಪ್ಪಣೆ, ಸಾರ್. ಅದಿಲ್ಲದಿದ್ದರೆ ಅಂದೇ ಹೇಳುತ್ತಿದ್ದರು.”

“ಬಾಯಿ ಮುಚ್ಚಿಸಿದ್ದು ನಿನ್ನ ತಪ್ಪು. ಕೋಲೆತ್ತಿದ್ದು ಅವನ ತಪ್ಪು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡ.” ಕಾಯಂ ಕಡತವನ್ನು ಎಳೆದು ನನ್ನ ಪ್ರಮಾಣಪತ್ರದ ಸಾಲಿನ ಮೇಲೆ ಬೆರಳಿಟ್ಟರು. “‘ಯಾವ ಲೋಪವೂ ಇಲ್ಲ.’ ಇದನ್ನ ಏನು ಮಾಡಲಿ?”

ಅವರೇ ಕಡತ ಮುಚ್ಚಿದರು.

“ಪರಿಶೀಲನೆಗೆ ನಾನೇ ಬರ್ತೀನಿ. ಕೋಲು ಅವನೇ ಹಿಡೀಲಿ. ಆಮೇಲೆ ನೋಡೋಣ.”

ಸಾಹೇಬರು ಬಂದ ದಿನ ಕೋಡಿಯ ಕಡೆಯಿಂದ ಓದಲು ಆರಂಭಿಸಿದರು. ದುರ್ಬೀನಿಗೆ ಸ್ವತಃ ತಾವೇ ಕಣ್ಣಿಟ್ಟರು. ಕೆರೆಯ ಕೆಳಗಿನ ಗದ್ದೆ ಬಯಲು. ಬದುವಿನ ಮೇಲೆಯೂ ಮಣ್ಣು ಮೆತ್ತಗಿತ್ತು, ಎಲ್ಲಿಯೂ ಕಲ್ಲಿರಲಿಲ್ಲ. ಹಿರಿಯ ಕಲಾಸಿಯವರು ಕಬ್ಬಿಣದ ಬಿಲ್ಲೆಯನ್ನು ತುಳಿದು ಕೂರಿಸಿ ಅದರ ಮೇಲೆ ಕೋಲು ಹಿಡಿದಿದ್ದರು. ಸಾಹೇಬರು ಓದಿ, ಮುಕ್ಕಾಲಿ ಎತ್ತಿಸಿ, ಅವರನ್ನು ದಾಟಿ ಬಹಳ ಮುಂದೆ ಬಂದಿದ್ದರು. ಮುಕ್ಕಾಲಿ ಇನ್ನೇನು ಊರಬೇಕು, ಹಿಂದಿನಿಂದ ಕೂಗು ಬಂತು.

“ಸಾ! ಕುಸೀತು! ಬಿಲ್ಲೆ ಕುಸೀತು!”

ನನ್ನ ಪಕ್ಕದಲ್ಲಿದ್ದ ಕಿರಿಯ ಕಲಾಸಿ ಹಲ್ಲು ಕಚ್ಚಿಕೊಂಡು ಅಂದ: “ಓಯ್ತು. ಕಾಯಮ್ಮು ಓಯ್ತು. ಇವತ್ತೊಂದಿನ ಬಾಯ್ಮುಚ್ಕೊಂಡಿದ್ರೆ ಏನಾಗ್ತಿತ್ತಣ್ಣಾ ನಿಂಗೆ!”

ಸಾಹೇಬರು ಬದುವಿನ ಮೇಲೆ ಹಿಂದಕ್ಕೆ ನಡೆದುಹೋದರು. ನಾನು ಹಿಂಬಾಲಿಸಿದೆ.

“ಎಷ್ಟು ಕುಸೀತು?”

“ಒಂದು ಬೆಳ್ಳು ದಪ್ಪ ಸಾ.”

“ನಿನ್ನ ಕಾಗದ ನನ್ನ ಮೇಜಿನ ಮೇಲಿದೆ, ಗೊತ್ತೇನೋ?”

“ಗೊತ್ತೈತೆ ಸಾ.”

“ಗೊತ್ತಿದ್ದೂ ಕೂಗಿದೆಯಾ?”

“ಕೂಗ್ದಿದ್ರೆ ನಿಮ್ಗೆ ಗೊತ್ತಾಗಾಕಿಲ್ಲ ಸಾ.”

ಸಾಹೇಬರು ಬಿಲ್ಲೆಯನ್ನೂ ಅವರ ಕಾಲುಗಳನ್ನೂ ಸ್ವಲ್ಪ ಹೊತ್ತು ನೋಡಿದರು. ಮುಕ್ಕಾಲಿಯನ್ನು ಹಿಂದಿನ ಜಾಗಕ್ಕೇ ತರಿಸಿ, ಗಟ್ಟಿ ನೆಲ ಹುಡುಕಿಸಿ ಬಿಲ್ಲೆ ಊರಿಸಿ, ಬಿಸಿಲಿನಲ್ಲಿ ಮತ್ತೆ ಓದಿದರು. ಪರಿಶೀಲನೆಗೆ ಆರಿಸಿಕೊಂಡ ಆ ಒಂದು ಮೈಲಿಯ ಮಟ್ಟ ಸಂಜೆಗೆ ಕೂಡಿತು. ಜೀಪು ಹತ್ತುವಾಗಲೂ ನಮ್ಮಲ್ಲಿ ಯಾರೊಡನೆಯೂ ಮಾತಾಡದೆ ಹೋದರು.

ಮೂರು ವಾರ ಏನೂ ತಿಳಿಯಲಿಲ್ಲ. ಈ ನಡುವೆ ಗುಮಾಸ್ತರು ಬೇರೆ ತಂಡ ಕೇಳಿಕೊಂಡು ಹೋದರು. ಹೋಗುವ ದಿನ, “ನಿಮ್ಮ ಹತ್ತಿರ ಕೆಲಸ ಮಾಡೋದು ಪರೀಕ್ಷೆಗೆ ಕೂತ ಹಾಗೆ, ಸ್ವಾಮಿ,” ಎಂದರು. ಅವರಿಗೂ ಅವರದೇ ಆದ ಭಯಗಳಿದ್ದವೆಂಬುದನ್ನು ನಾನು ಬಹಳ ತಡವಾಗಿ ಅರಿತೆ.

ನಾಲ್ಕನೆಯ ವಾರದ ಟಪಾಲಿನಲ್ಲಿ ಎರಡು ಕಾಗದಗಳು ಬಂದವು. ಎರಡೂ ಇಂಗ್ಲಿಷಿನಲ್ಲಿದ್ದವು. ಕಲಾಸಿಗಳಿಬ್ಬರನ್ನೂ ನನ್ನ ಮರದ ಕೆಳಗೆ ಕೂರಿಸಿ ಕನ್ನಡ ಮಾಡಿ ಓದಿದೆ. ಮೊದಲನೆಯದು ನನಗೆ ಬಂದ ಎಚ್ಚರಿಕೆ: ಗುರುತಿನ ಕಲ್ಲು ಕೆತ್ತಿಸದೆ ಇದ್ದುದಕ್ಕೂ ಪುಸ್ತಕ ಉಜ್ಜಿದ್ದಕ್ಕೂ. ಸೇವಾ ಪುಸ್ತಕದಲ್ಲಿ ಅದು ಕೊನೆಯವರೆಗೂ ಉಳಿಯಿತು.

ಎರಡನೆಯದು ಹಿರಿಯ ಕಲಾಸಿಯವರನ್ನು ಕಾಯಂ ಮಾಡಿದ ಆದೇಶ. ‘ಯಾವ ಲೋಪವೂ ಸಂಭವಿಸಿರುವುದಿಲ್ಲ’ ಎಂಬ ನನ್ನ ಸಾಲನ್ನು ಸಾಹೇಬರು ಹೊಡೆದುಹಾಕಿದ್ದರು. ಮೂರನೆಯ ಮೈಲಿಯಲ್ಲಿ ಸದರಿಯವರಿಂದ ಲೋಪ ಸಂಭವಿಸಿತೆಂದೂ, ಅದನ್ನು ತಾವಾಗಿ ತಿಳಿಸಿದರೆಂದೂ, ಕೆಲಸಕ್ಕೆ ಅರ್ಹರೆಂದೂ ಬರೆಯಲಾಗಿತ್ತು.

ಕಿರಿಯ ಕಲಾಸಿ ಅವರ ಬೆನ್ನಿಗೆ ಗುದ್ದಿದ. ಅವರು ನಗಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು.

“ಆ ಕಲ್ಲಿನ ಇಚಾರ ಇದ್ರಾಗೆ ಎಲ್ಲೈತೆ ಸಾ?”

ಆ ಸಾಲನ್ನು ತೋರಿಸಿದೆ. ಹೆಸರಿನ ಕೆಳಗೇ ಇತ್ತು. ಬೇಕಾದರೆ ಆ ಮಾತನ್ನು ತೆಗೆಯಬೇಕೆಂದು ಸಾಹೇಬರಿಗೆ ಅರಿಕೆ ಮಾಡಿಕೊಳ್ಳುತ್ತೇನೆಂದೆ.

ಅವರು ಆ ಸಾಲಿನ ಮೇಲೆ ಹೆಬ್ಬೆರಳಾಡಿಸಿದರು.

“ಬ್ಯಾಡ. ಇರ್ಲಿ ಬುಡಿ ಸಾ,” ಎಂದು ಹೇಳಿ, ಕಾಗದವನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡರು.